ಮನೆ ನಿಮ್ಮದು, ನೆಲ ಯಾರದು? ಅಮೆರಿಕದಲ್ಲಿ ಕಾರ್ಖಾನೆ ಮನೆ ಕೊಳ್ಳುವವರಿಗೆ ಒಂದು ಹೋಲಿಕೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಹೊಸೆ, ಸನ್ನಿವೇಲ್ ಸುತ್ತಮುತ್ತ, ಮನೆ ಹುಡುಕುತ್ತಿರುವ ಕನ್ನಡಿಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅಪಾರ್ಟ್‌ಮೆಂಟಿನ ಬಾಡಿಗೆ ತಿಂಗಳಿಗೆ ಮೂರು ಸಾವಿರ ಡಾಲರ್ ದಾಟಿದೆ. ಹಿತ್ತಲಿರುವ ಮನೆ ಬೇಕೆಂದರೆ ಹದಿನೈದು ಲಕ್ಷ ಡಾಲರಿಗೂ ಮೇಲೆ. ಈ ಎರಡರ ನಡುವೆ, ಮೊಬೈಲ್ ಹೋಮ್ ಪಾರ್ಕಿನಲ್ಲಿ (ಕಾರ್ಖಾನೆಯಲ್ಲಿ ತಯಾರಾದ ಮನೆಗಳನ್ನು ಬಾಡಿಗೆ ಜಾಗದಲ್ಲಿ ಕೂರಿಸಿರುವ ಬಡಾವಣೆ) ಮೂರು ಮಲಗುವ ಕೋಣೆಗಳ ಮನೆ, ಹಿತ್ತಲಿರುವ ಮನೆಯ ಕಾಲುಭಾಗದ ಬೆಲೆಗೆ ಸಿಗುತ್ತದೆಂಬ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಕೊಳ್ಳಬಹುದೇ? ಟೆಕ್ಸಾಸ್‌ನಲ್ಲಿರುವವರ ಪ್ರಶ್ನೆ ಸ್ವಲ್ಪ ಬೇರೆ: ಊರಾಚೆ ಒಂದೆರಡು ಎಕರೆ ಕೊಂಡು ಕಾರ್ಖಾನೆಯಲ್ಲಿ ತಯಾರಾದ ಮನೆಯನ್ನು ತರಿಸಿ ಕೂರಿಸೋಣವೇ, ಅಥವಾ ಬಡಾವಣೆಯಲ್ಲಿ ಕಟ್ಟಿದ ಮನೆಗೇ ಹಣ ಕೂಡಿಸೋಣವೇ?

ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಮನೆ ನೋಡಲು ಹೋದವರು ಹೊಸ ಅಡುಗೆಮನೆ, ಹೊಳೆಯುವ ನೆಲಹಾಸು ನೋಡಿ ಒಪ್ಪಿಬಿಡುತ್ತಾರೆ. ಆದರೆ ಇಂಥ ಮನೆಯ ಲಾಭನಷ್ಟ ನಿಂತಿರುವುದು ಅದರ ಕೆಳಗಿನ ನೆಲದ ಮೇಲೆ. ಸಾಲದ ಬಡ್ಡಿ, ತಿಂಗಳ ಖರ್ಚು, ಮುಂದೆ ಮಾರುವಾಗ ಸಿಗುವ ಬೆಲೆ, ಕೊನೆಗೆ ಅಲ್ಲಿ ಎಷ್ಟು ಕಾಲ ಇರಬಹುದು ಎಂಬುದು ಕೂಡ, ಆ ನೆಲ ಯಾರ ಹೆಸರಿನಲ್ಲಿದೆ ಎಂಬುದನ್ನೇ ಅನುಸರಿಸುತ್ತವೆ.

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಅಮೆರಿಕದ ವಸತಿ ಇಲಾಖೆಯಾದ ‘ಹಡ್’ ರೂಪಿಸಿದ ನಿರ್ಮಾಣ ಸಂಹಿತೆ ಜಾರಿಗೆ ಬಂದದ್ದು 1976ರ ಜೂನ್ 15ರಂದು. ಅದಕ್ಕೂ ಮೊದಲು ತಯಾರಾದವು ಮೊಬೈಲ್ ಹೋಮ್‌ಗಳು. ಅನಂತರ ಆ ಸಂಹಿತೆಯ ಪ್ರಕಾರ, ಕಳಚಬಾರದ ಉಕ್ಕಿನ ಚಾಸಿಯ (ತಳದ ಚೌಕಟ್ಟಿನ) ಮೇಲೆ ತಯಾರಾದವು ಮ್ಯಾನುಫ್ಯಾಕ್ಚರ್ಡ್ ಹೋಮ್‌ಗಳು. ಇವನ್ನೇ ಇಲ್ಲಿ ಕಾರ್ಖಾನೆ ಮನೆ ಎಂದು ಕರೆಯುತ್ತಿದ್ದೇನೆ. ಮಾಡ್ಯುಲರ್ ಮನೆಯೂ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಆದರೆ ಅದು ಮಾಮೂಲಿ ಮನೆಗೆ ಅನ್ವಯಿಸುವ ರಾಜ್ಯದ ಅಥವಾ ಸ್ಥಳೀಯ ಕಟ್ಟಡ ನಿಯಮವನ್ನೇ ಪಾಲಿಸುತ್ತದೆ, ಶಾಶ್ವತ ಅಡಿಪಾಯದ ಮೇಲೆ ಕೂರುತ್ತದೆ. ‘ಪಾರ್ಕ್ ಮಾಡೆಲ್’ ಎಂಬ 400 ಚದರ ಅಡಿಯೊಳಗಿನ ಪುಟ್ಟ ಮನೆಗಳು ಮನೋರಂಜನಾ ವಾಹನಗಳ ಸಾಲಿಗೆ ಸೇರುತ್ತವೆ. ಸಂಸಾರ ಹೂಡಲು ಅವುಗಳ ಯೋಚನೆ ಬೇಡ. 1976ಕ್ಕಿಂತ ಹಳೆಯವು ಎಷ್ಟೇ ಅಗ್ಗವಾಗಿದ್ದರೂ ನಾನು ಬೇಡವೆಂದೇ ಹೇಳುತ್ತೇನೆ. ಅವುಗಳಿಗೆ ಸಾಲ ಸಿಗುವುದು ಕಷ್ಟ, ವಿಮೆ ಸಿಗುವುದು ಕಷ್ಟ, ಬೆಂಕಿ ಮತ್ತು ವಿದ್ಯುತ್ ಸುರಕ್ಷತೆ ಈಗಿನ ಮಟ್ಟದ್ದಲ್ಲ.

ಯಾವುದರಿಂದ ಅಳೆಯಬೇಕು

ಒಂದನೆಯ ಅಳತೆ ನೆಲದ ಒಡೆತನ. ಎರಡನೆಯದು, ಕಾನೂನಿನ ಕಣ್ಣಿನಲ್ಲಿ ಮನೆ ಚರಾಸ್ತಿಯೋ ಸ್ಥಿರಾಸ್ತಿಯೋ ಎಂಬುದು. ಬೇರೆಯವರ ನೆಲದ ಮೇಲೆ ನಿಂತ ಕಾರ್ಖಾನೆ ಮನೆಯನ್ನು ಸಾಮಾನ್ಯವಾಗಿ ಚರಾಸ್ತಿ ಎಂದೇ ಎಣಿಸುತ್ತಾರೆ. ಅದಕ್ಕೆ ಕಾರಿಗಿರುವಂತೆ ಟೈಟಲ್ ಎಂಬ ಒಡೆತನದ ಪತ್ರ ಇರುತ್ತದೆ, ಸಿಗುವುದು ಚಾಟೆಲ್ ಸಾಲ, ಅಂದರೆ ಚರಾಸ್ತಿಯ ಮೇಲಿನ ಸಾಲ, ಅದರ ಬಡ್ಡಿ ಗೃಹಸಾಲಕ್ಕಿಂತ ಹೆಚ್ಚು, ಅವಧಿ ಕಡಿಮೆ. ಒಂದು ಲಕ್ಷ ಡಾಲರನ್ನು 20 ವರ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 900 ಡಾಲರ್. ಅದೇ ಮೊತ್ತ, ಅದೇ ಅವಧಿ, ಬಡ್ಡಿ ಶೇ. 6.5 ಆಗಿದ್ದರೆ 746. ವ್ಯತ್ಯಾಸ ಇಪ್ಪತ್ತು ವರ್ಷಕ್ಕೆ 37,000 ಡಾಲರ್. ಈ ದರಗಳು ಉದಾಹರಣೆಗಷ್ಟೇ. ನಿಮಗೆ ಹೇಳಿದ ದರವನ್ನು ಇದೇ ರೀತಿ ಲೆಕ್ಕಕ್ಕೆ ಹಾಕಿ ನೋಡಿ.

ಮೂರನೆಯದು ಹತ್ತು ವರ್ಷಗಳ ಒಟ್ಟು ಖರ್ಚು. ಕಂತು, ಜಾಗದ ಬಾಡಿಗೆ, ತೆರಿಗೆ, ವಿಮೆ, ದುರಸ್ತಿ ಎಲ್ಲವನ್ನೂ ಕೂಡಿಸಿಯೇ ಹೋಲಿಸಬೇಕು. ಬರಿಯ ಖರೀದಿ ಬೆಲೆಯ ಹೋಲಿಕೆ ಏನನ್ನೂ ಹೇಳುವುದಿಲ್ಲ. ನಾಲ್ಕನೆಯದು ಮರುಮಾರಾಟ. ಐದನೆಯದು ನಿಮ್ಮ ಬಾಳುವೆ: ಮಕ್ಕಳ ಶಾಲೆ, ಊರಿನಿಂದ ಬರುವ ತಂದೆತಾಯಿ, ಆ ಪ್ರದೇಶದ ಬಿರುಗಾಳಿ ಅಥವಾ ಭೂಕಂಪ, ಮತ್ತು ನಿಮ್ಮ ವೀಸಾ ಸ್ಥಿತಿ. ಕೊನೆಯದನ್ನು ಹಲವರು ಮರೆಯುತ್ತಾರೆ. 2025ರ ಮೇ 25ರಿಂದ ಎಫ್‌ಎಚ್‌ಎ (ಹಡ್‌ನ ಅಂಗವಾದ ಫೆಡರಲ್ ವಸತಿ ಆಡಳಿತ) ವಿಮೆಯ ಗೃಹಸಾಲಗಳು ಕಾಯಂ ನಿವಾಸಿಗಳಲ್ಲದವರಿಗೆ ಸಿಗುತ್ತಿಲ್ಲ. ಎಚ್‌1ಬಿ ವೀಸಾದಲ್ಲಿರುವವರು ಬೇರೆ ಬಗೆಯ ಸಾಲವನ್ನೇ ಹುಡುಕಬೇಕು. ಹಳೆಯ ಮಾರ್ಗದರ್ಶಿಗಳನ್ನು ಓದಿ ಎಫ್‌ಎಚ್‌ಎ ಇದೆಯಲ್ಲ ಎಂದು ಮುಂಗಡ ಕೊಟ್ಟುಬಿಡಬೇಡಿ.

ಪಾರ್ಕಿನಲ್ಲಿರುವ ಮನೆ

ಬೇ ಏರಿಯಾದವರ ಮುಂದಿರುವುದು ಬಹುಪಾಲು ಇದೇ ಆಯ್ಕೆ. ಮನೆ ನಿಮ್ಮದು, ಜಾಗ ಪಾರ್ಕಿನ ಮಾಲೀಕರದು. ತಿಂಗಳು ತಿಂಗಳು ಜಾಗದ ಬಾಡಿಗೆ ಕಟ್ಟಬೇಕು. ಇದರ ಆಕರ್ಷಣೆ ನಿಜವಾದದ್ದು: ಕಚೇರಿ ಹತ್ತಿರ, ಶಾಲೆ ಒಳ್ಳೆಯದು, ಗೋಡೆ ಹಂಚಿಕೊಳ್ಳುವ ನೆರೆಯವರಿಲ್ಲ, ಕರಿಬೇವು ಬೆಳೆಯುವಷ್ಟು ಅಂಗಳವೂ ಇರುತ್ತದೆ.

ಈಗ ಬಾಡಿಗೆಯ ಲೆಕ್ಕ. ಇಂದು ತಿಂಗಳಿಗೆ 1,500 ಡಾಲರ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇ. 3ರಂತೆ ಏರಿದರೆ ಹತ್ತು ವರ್ಷಗಳಲ್ಲಿ ನೀವು ಕಟ್ಟುವುದು ಸುಮಾರು 2,06,000 ಡಾಲರ್. ಶೇ. 5ರಂತೆ ಏರಿದರೆ 2,26,000, ಮತ್ತು ಹನ್ನೊಂದನೆಯ ವರ್ಷದ ಬಾಡಿಗೆ 2,440 ದಾಟಿರುತ್ತದೆ. ಈ ಹಣದಿಂದ ನಿಮ್ಮ ಹೆಸರಿಗೆ ಏನೂ ಸೇರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪೆಟ್ಟು ಇದೆ. ನಾಳೆ ನಿಮ್ಮಿಂದ ಕೊಳ್ಳುವವರೂ ತಿಂಗಳ ಖರ್ಚನ್ನು ನೋಡಿಯೇ ಬೆಲೆ ಹೇಳುತ್ತಾರೆ. ಬಾಡಿಗೆ ನೂರು ಡಾಲರ್ ಏರಿತೆಂದರೆ ಅವರು ಸಾಲದ ಕಂತಿಗೆ ಇಡಬಹುದಾದ ಹಣ ಅಷ್ಟೇ ಇಳಿಯಿತು. ಶೇ. 9ರ, 20 ವರ್ಷದ ಸಾಲದಲ್ಲಿ ತಿಂಗಳಿಗೆ ನೂರು ಡಾಲರ್ ಎಂದರೆ 11,000 ಡಾಲರಿನ ಅಸಲು. ಹೀಗೆ ಜಾಗದ ಬಾಡಿಗೆ ಏರಿದಾಗೆಲ್ಲ ನಿಮ್ಮ ಮನೆಯ ಬೆಲೆ ಸದ್ದಿಲ್ಲದೆ ಕರಗುತ್ತದೆ. ಆದ್ದರಿಂದ ಪಾರ್ಕಿನಲ್ಲಿ ಮನೆ ಕೊಳ್ಳುವವರು ಮನೆಗಿಂತ ಮೊದಲು ಪರೀಕ್ಷಿಸಬೇಕಾದದ್ದು ಬಾಡಿಗೆಯ ನಿಯಮವನ್ನು. ಸ್ಯಾನ್ ಹೊಸೆ ನಗರದಲ್ಲಿ ಹಳೆಯ ಪಾರ್ಕುಗಳಿಗೆ ಬಾಡಿಗೆ ನಿಯಂತ್ರಣ ಇದೆ. ವಾರ್ಷಿಕ ಏರಿಕೆ ಬೆಲೆ ಸೂಚ್ಯಂಕದ ಏರಿಕೆಯ ಶೇ. 75ರಷ್ಟು, ಆದರೆ ಶೇ. 3ಕ್ಕಿಂತ ಕಡಿಮೆಯಲ್ಲ, ಶೇ. 7ಕ್ಕಿಂತ ಹೆಚ್ಚಲ್ಲ. ಪಕ್ಕದ ಊರಿನ ನಿಯಮ ಬೇರೆ ಇರಬಹುದು, ನಿಯಮವೇ ಇಲ್ಲದಿರಬಹುದು. ಕ್ಯಾಲಿಫೋರ್ನಿಯಾದ ಎಲ್ಲ ಕಡೆಯೂ ಏರಿಕೆಗೆ 90 ದಿನ ಮೊದಲು ಲಿಖಿತ ಸೂಚನೆ ಕೊಡಬೇಕು. ಆದರೆ ಸೂಚನೆ ಕೊಟ್ಟ ಮಾತ್ರಕ್ಕೆ ಏರಿಕೆಗೆ ಮಿತಿ ಬಂದಂತಲ್ಲ. ಮಾರುವವರು ಈಗ ಕಟ್ಟುತ್ತಿರುವ ಬಾಡಿಗೆಯೇ ನಿಮಗೂ ಮುಂದುವರಿಯುತ್ತದೆಯೋ, ಮನೆ ಕೈಬದಲಾದಾಗ ಹೊಸ ದರ ಬರುತ್ತದೆಯೋ ಎಂಬುದನ್ನು ಪಾರ್ಕಿನ ಕಚೇರಿಯಿಂದ ಬರಹದಲ್ಲಿಯೇ ಪಡೆಯಿರಿ. ಏಜೆಂಟರ ಬಾಯಿಮಾತು ಇಲ್ಲಿ ಸಾಲದು.

ಪಾರ್ಕಿನ ಆಡಳಿತ ನಿಮ್ಮನ್ನು ಒಪ್ಪಬೇಕೆಂಬುದೂ ನೆನಪಿರಲಿ. ಕ್ಯಾಲಿಫೋರ್ನಿಯಾದಲ್ಲಿ ಪೂರ್ಣ ಅರ್ಜಿ ತಲುಪಿದ ಮೇಲೆ 15 ಕೆಲಸದ ದಿನಗಳೊಳಗೆ ಅವರು ಉತ್ತರಿಸಬೇಕು. ‘55+’ ಎಂದು ಬರೆದಿರುವ ಪಾರ್ಕುಗಳನ್ನು ಯುವ ದಂಪತಿಗಳು ಪಟ್ಟಿಯಿಂದ ತೆಗೆಯಿರಿ. ಫೆಡರಲ್ ಕಾನೂನಿನ ಪ್ರಕಾರ ಅಂಥಲ್ಲಿ ವಾಸವಿರುವ ಮನೆಗಳ ಪೈಕಿ ಶೇ. 80ರಲ್ಲಿ ಕನಿಷ್ಠ ಒಬ್ಬರಾದರೂ 55 ತುಂಬಿದವರಿರಬೇಕು. ಬೆಲೆ ತೀರ ಕಡಿಮೆ ಕಂಡ ಜಾಹೀರಾತಿನ ಮೂಲೆಯಲ್ಲಿ ಹಲವು ಸಲ ಇದೇ ಅಂಕಿ ಇರುತ್ತದೆ.

ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದರೆ ಪಾರ್ಕಿನವರು ಹೆಚ್ಚುವರಿ ಹಣ ಕೇಳುತ್ತಾರೆಯೇ ಎಂಬ ಆತಂಕ ಸಹಜ. ಕ್ಯಾಲಿಫೋರ್ನಿಯಾದ ಮೊಬೈಲ್ ಹೋಮ್ ನಿವಾಸಿ ಕಾನೂನು ತಂದೆತಾಯಿಯರನ್ನು, ಅತ್ತೆಮಾವಂದಿರನ್ನೂ ಸೇರಿಸಿ, ಹತ್ತಿರದ ಕುಟುಂಬವೆಂದೇ ಎಣಿಸುತ್ತದೆ. ಅವರ ಲೆಕ್ಕದಲ್ಲಿ ಶುಲ್ಕ ವಿಧಿಸುವಂತಿಲ್ಲ. ಅಣ್ಣತಮ್ಮಂದಿರೋ ಸ್ನೇಹಿತರೋ ಆದರೆ ಸತತ 20 ದಿನ ಅಥವಾ ವರ್ಷಕ್ಕೆ ಒಟ್ಟು 30 ದಿನ ಮೀರಿದಾಗ ಅತಿಥಿ ಶುಲ್ಕ ಬರಬಹುದು.

ಇನ್ನು ಪಾರ್ಕೇ ಮುಚ್ಚುವ ಅಪಾಯ. ಪಾಲೊ ಆಲ್ಟೊದ ಬ್ಯೂನಾ ವಿಸ್ಟಾ ಪಾರ್ಕನ್ನು ಮುಚ್ಚಲು ಮಾಲೀಕರು 2012ರಲ್ಲಿ ಹೊರಟಾಗ ಅಲ್ಲಿನ ನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು. 2017ರಲ್ಲಿ ಸಾಂಟಾ ಕ್ಲಾರಾ ಕೌಂಟಿಯ ವಸತಿ ಪ್ರಾಧಿಕಾರ ಅದನ್ನು ಕೊಂಡಿದ್ದರಿಂದ ಆ ಸಮುದಾಯ ಉಳಿಯಿತು. ಎಲ್ಲ ಪಾರ್ಕುಗಳಿಗೂ ಅಂಥ ಆಸರೆ ಒದಗುವುದಿಲ್ಲ. ನೆಲದ ಬೆಲೆ ಏರಿದಷ್ಟೂ ಮಾಲೀಕರಿಗೆ ಅದನ್ನು ಬೇರೆ ಕೆಲಸಕ್ಕೆ ಮಾರುವ ಆಸೆ ಹೆಚ್ಚುತ್ತದೆ. ಹಾಗಾದರೆ ಮನೆಯನ್ನೇ ಎತ್ತಿಕೊಂಡು ಹೋಗಬಹುದಲ್ಲ ಎನ್ನುವವರಿಗೆ ಸ್ಪಷ್ಟವಾಗಿ ಹೇಳಬೇಕು: ಒಮ್ಮೆ ಕೂರಿಸಿದ ಮನೆಯನ್ನು ಸಾಗಿಸಲು ಸಾವಿರಾರು ಡಾಲರ್ ಬೇಕು, ಹಳೆಯ ಮನೆಯನ್ನು ಹಲವು ಪಾರ್ಕುಗಳು ಒಳಗೆ ಬಿಡುವುದಿಲ್ಲ, ಜಾಗ ಬದಲಿಸಿದ ಮನೆಗೆ ಹಲವು ಬ್ಯಾಂಕುಗಳು ಸಾಲವನ್ನೂ ಕೊಡುವುದಿಲ್ಲ.

ಪಾರ್ಕುಗಳಲ್ಲೇ ನನಗೆ ಹೆಚ್ಚು ಒಪ್ಪಿಗೆಯಾಗುವುದು ನಿವಾಸಿಗಳೇ ಸಹಕಾರ ಸಂಘ ಕಟ್ಟಿಕೊಂಡು ನೆಲ ಕೊಂಡಿರುವಂಥವು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1980ರ ದಶಕದಲ್ಲಿ ಬೇರೂರಿದ ಈ ಪದ್ಧತಿಯನ್ನು 2008ರಲ್ಲಿ ಆರಂಭವಾದ ‘ರಾಕ್ ಯುಎಸ್‌ಎ’ ಎಂಬ ಲಾಭೇತರ ಸಂಸ್ಥೆ ಬೇರೆ ರಾಜ್ಯಗಳಿಗೂ ಹರಡಿದೆ. ಅಲ್ಲಿ ಬಾಡಿಗೆ ನಿರ್ಧರಿಸುವವರು ಸದಸ್ಯರೇ. ಸಿಗುವುದು ಅಪರೂಪ, ಸಿಕ್ಕರೆ ಸಂಘದ ಲೆಕ್ಕಪತ್ರ ಓದಿ ಮುಂದುವರಿಯಿರಿ.

ಸ್ವಂತ ನೆಲದಲ್ಲಿ ಹೊಸ ಮನೆ

ಟೆಕ್ಸಾಸ್, ನಾರ್ತ್ ಕ್ಯಾರೊಲಿನಾ, ಜಾರ್ಜಿಯಾದಂಥ ಕಡೆ ನೆಲ ಕೊಳ್ಳುವ ಶಕ್ತಿಯಿದ್ದರೆ ಲೆಕ್ಕವೇ ಬದಲಾಗುತ್ತದೆ. ಜನಗಣತಿ ಇಲಾಖೆಯ ಸಮೀಕ್ಷೆಯಂತೆ 2023ರಲ್ಲಿ ಹೊಸ ಕಾರ್ಖಾನೆ ಮನೆಯ ಸರಾಸರಿ ಬೆಲೆ ನೆಲ ಬಿಟ್ಟು ಸುಮಾರು 1,24,000 ಡಾಲರ್. ಎರಡು ಭಾಗಗಳನ್ನು ಜೋಡಿಸುವ ಡಬಲ್ ವೈಡ್‌ಗೆ ಇದಕ್ಕಿಂತ ಹೆಚ್ಚು, ಒಂದೇ ಭಾಗದ ಸಿಂಗಲ್ ವೈಡ್‌ಗೆ ಸಾಕಷ್ಟು ಕಡಿಮೆ. ಇಬ್ಬರೇ ಇದ್ದರೆ ಸಿಂಗಲ್ ವೈಡ್ ಸಾಕು. ಮಕ್ಕಳು, ತಂದೆತಾಯಿ ಎಂದಾಗ ಉದ್ದನೆಯ ಓಣಿಯಂಥ ಆ ಮನೆ ಇಕ್ಕಟ್ಟಾಗುತ್ತದೆ, ಮಾರುವಾಗಲೂ ಗಿರಾಕಿ ಕಡಿಮೆ.

ನೆಲ ನಿಮ್ಮದಾಗಿ, ಮನೆ ಶಾಶ್ವತ ಅಡಿಪಾಯದ ಮೇಲೆ ಕೂತು, ಕಾಗದಪತ್ರದಲ್ಲಿ ಸ್ಥಿರಾಸ್ತಿಯಾದರೆ ಮಾಮೂಲಿ ಗೃಹಸಾಲದ ಬಾಗಿಲು ತೆರೆಯುತ್ತದೆ. ಟೆಕ್ಸಾಸ್‌ನಲ್ಲಿ ಇದಕ್ಕೆ ‘ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್’ನಲ್ಲಿ ಸ್ಥಿರಾಸ್ತಿ ಎಂದು ಆಯ್ದುಕೊಂಡು ಕೌಂಟಿಯಲ್ಲಿ ದಾಖಲಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 433ಎ ಎಂಬ ನಮೂನೆ. ಇಳಿಜಾರು ಚಾವಣಿ, ಗಟ್ಟಿಯಾದ ಅಡಿಪಾಯ ಮುಂತಾದ ಷರತ್ತು ಪೂರೈಸುವ ಮನೆಗಳಿಗೆ ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ‘ಎಂಎಚ್ ಅಡ್ವಾಂಟೇಜ್’ ಯೋಜನೆಯಲ್ಲಿ ಶೇ. 3ರ ಮುಂಗಡವೂ ಸಾಕಾಗಬಹುದು. ಕಾರ್ಖಾನೆ ಮನೆಯ ಬೆಲೆ ಕಾರಿನಂತೆ ಇಳಿಯುತ್ತಲೇ ಹೋಗುತ್ತದೆ ಎಂಬ ಮಾತೂ ಇಲ್ಲಿ ಪೂರ್ತಿ ನಿಜವಲ್ಲ. ಫೆಡರಲ್ ವಸತಿ ಹಣಕಾಸು ಸಂಸ್ಥೆಯ ಬೆಲೆ ಸೂಚ್ಯಂಕ, ನೆಲದ ಸಮೇತ ಗೃಹಸಾಲ ಪಡೆದ ಇಂಥ ಮನೆಗಳ ಬೆಲೆಯೂ ಮಾಮೂಲಿ ಮನೆಗಳಂತೆಯೇ ಏರಿರುವುದನ್ನು ತೋರಿಸಿದೆ. ಏರುವುದು ಮುಖ್ಯವಾಗಿ ನೆಲ.

ಆದರೆ ಅಂಗಡಿಯಲ್ಲಿ ಹೇಳುವ ಬೆಲೆಗೆ ಮನೆ ನಿಲ್ಲುವುದಿಲ್ಲ. ಬಾವಿ ಕೊರೆಸಬೇಕು, ಸೆಪ್ಟಿಕ್ ಟ್ಯಾಂಕ್ ಹಾಕಿಸಬೇಕು, ಅದಕ್ಕೂ ಮೊದಲು ಮಣ್ಣು ನೀರು ಹೀರುತ್ತದೆಯೇ ಎಂದು ಪರೀಕ್ಷೆ ಮಾಡಿಸಬೇಕು. ವಿದ್ಯುತ್ ಕಂಬದಿಂದ ತಂತಿ, ದಾರಿ, ನೆಲ ಸಮಗೊಳಿಸುವುದು, ಮೆಟ್ಟಿಲು, ಕೆಳಗಿನ ಸುತ್ತುಗೋಡೆ, ಹವಾನಿಯಂತ್ರಣ, ಇವುಗಳಲ್ಲಿ ಯಾವುದು ಬೆಲೆಯಲ್ಲಿ ಸೇರಿದೆ, ಯಾವುದು ಇಲ್ಲ ಎಂದು ಸಾಲು ಸಾಲಾಗಿ ಬರೆಸಿಕೊಳ್ಳಿ. ನೆಲದ ಕ್ರಯಪತ್ರದಲ್ಲೇ ‘ಕಾರ್ಖಾನೆ ಮನೆ ಇಡುವಂತಿಲ್ಲ’ ಎಂಬ ನಿರ್ಬಂಧ ಇರುವುದುಂಟು. ಟೆಕ್ಸಾಸ್‌ನ ಬಡಾವಣೆಗಳಲ್ಲಿ ಇದು ಸಾಮಾನ್ಯ. ನೆಲ ಕೊಂಡ ಮೇಲೆ ತಿಳಿದರೆ ದಾರಿಯಿಲ್ಲ. ನೆರೆಹಾವಳಿಯ ನಕ್ಷೆಯನ್ನು ಫೆಡರಲ್ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ತಾಣದಲ್ಲಿ ಉಚಿತವಾಗಿ ನೋಡಬಹುದು, ಅದನ್ನೂ ನೋಡಿ.

ಸಾಲದ ವಿಷಯದಲ್ಲಿ ಒಂದು ಎಚ್ಚರಿಕೆ. ಈ ಉದ್ಯಮದಲ್ಲಿ ಮನೆ ತಯಾರಿಸುವವರು, ಮಾರುವವರು, ಸಾಲ ಕೊಡುವವರು ಒಂದೇ ಸಮೂಹಕ್ಕೆ ಸೇರಿರುವುದು ಮಾಮೂಲು. ವಾರನ್ ಬಫೆಟ್ ಮುನ್ನಡೆಸುತ್ತಿದ್ದ ಬರ್ಕ್‌ಶೈರ್ ಹ್ಯಾಥವೇ ಕಂಪನಿ 2003ರಲ್ಲಿ ಕೊಂಡ ಕ್ಲೇಟನ್ ಹೋಮ್ಸ್ ಅದಕ್ಕೆ ದೊಡ್ಡ ಉದಾಹರಣೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಂಗಡಿಯಲ್ಲೇ ಸಿಕ್ಕ ಸಾಲಕ್ಕೆ ಅಲ್ಲೇ ಸಹಿ ಹಾಕದೆ, ಒಂದು ಕ್ರೆಡಿಟ್ ಯೂನಿಯನ್ನಿನಿಂದ (ಸದಸ್ಯರೇ ಒಡೆಯರಾದ ಸಹಕಾರಿ ಬ್ಯಾಂಕು), ಇನ್ನೊಂದು ಬ್ಯಾಂಕಿನಿಂದ ದರ ತರಿಸಿ ಪಕ್ಕಪಕ್ಕ ಇಟ್ಟು ನೋಡಿ.

ಬಿರುಗಾಳಿಯ ಪ್ರದೇಶದವರು ಮನೆಯ ಗಾಳಿ ವಲಯ ನೋಡಲೇಬೇಕು. 1992ರ ಆಂಡ್ರೂ ಚಂಡಮಾರುತ ದಕ್ಷಿಣ ಫ್ಲಾರಿಡಾದ ಇಂಥ ಮನೆಗಳನ್ನು ನೆಲಸಮ ಮಾಡಿದ ಮೇಲೆ ಹಡ್ 1994ರಲ್ಲಿ ನಿಯಮಗಳನ್ನು ಬಿಗಿಗೊಳಿಸಿತು. ಈಗ ಮೂರು ವಲಯಗಳಿವೆ: ಮಯಾಮಿ-ಡೇಡ್ ಮೂರನೆಯದು, ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಂಥ ಕರಾವಳಿ ಕೌಂಟಿಗಳು ಎರಡನೆಯದು, ಒಳನಾಡು ಒಂದನೆಯದು. ಒಂದನೆಯ ವಲಯಕ್ಕೆಂದು ತಯಾರಾದ ಮನೆಯನ್ನು ಕರಾವಳಿಯ ವಲಯಗಳಲ್ಲಿ ಕೂರಿಸುವಂತಿಲ್ಲ.

ವಾಸ್ತು ನೋಡುವವರಿಗೆ ಈ ಆಯ್ಕೆಯಲ್ಲಿ ಒಂದು ಅನುಕೂಲವಿದೆ. ಪಾರ್ಕಿನಲ್ಲಿ ಮನೆಯ ದಿಕ್ಕು ಮೊದಲೇ ನಿಗದಿಯಾಗಿರುತ್ತದೆ. ಸ್ವಂತ ನೆಲದಲ್ಲಿ ಮನೆಯನ್ನು ಯಾವ ಕಡೆಗೆ ತಿರುಗಿಸಿ ಕೂರಿಸಬೇಕೆಂಬುದು ನಿಮ್ಮ ಕೈಯಲ್ಲಿದೆ.

ಮಾಡ್ಯುಲರ್ ಮನೆ ಮತ್ತು ಕಾಂಡೊ

ಕಾರ್ಖಾನೆ ಮನೆಗೆ ಅವಕಾಶವಿಲ್ಲದ ಬಡಾವಣೆಯಲ್ಲಿ ನೆಲ ಇದ್ದವರಿಗೆ ಮಾಡ್ಯುಲರ್ ಮನೆ ದಾರಿಯಾಗಬಹುದು. ಬ್ಯಾಂಕು, ವಿಮೆ, ಮರುಮಾರಾಟ ಎಲ್ಲವೂ ಮಾಮೂಲಿ ಮನೆಯಂತೆಯೇ. ಉಳಿತಾಯ ಕಡಿಮೆ, ಏಕೆಂದರೆ ಅಡಿಪಾಯ, ಕ್ರೇನ್, ಜೋಡಣೆಯ ಕೂಲಿ ಎಲ್ಲ ಸೇರುತ್ತವೆ. ಸಮಯ ಮಾತ್ರ ಉಳಿಯುತ್ತದೆ.

ಕಾಂಡೊ ಎಂದರೆ ಸ್ವಂತಕ್ಕೆ ಕೊಳ್ಳುವ ಅಪಾರ್ಟ್‌ಮೆಂಟು. ಅದನ್ನು ಕೊಂಡರೂ ತಿಂಗಳ ಸಂಘದ ಶುಲ್ಕ ತಪ್ಪುವುದಿಲ್ಲ, ಅದೂ ಏರುತ್ತದೆ. ಆದರೂ ಆಸ್ತಿಯಲ್ಲಿ ನಿಮ್ಮ ಪಾಲು ದಾಖಲಾಗಿರುತ್ತದೆ, ಸಾಲ ಗೃಹಸಾಲವೇ, ಶುಲ್ಕ ನಿರ್ಧರಿಸುವ ಸಂಘದಲ್ಲಿ ನಿಮಗೂ ಮತವಿದೆ. ಜಾಗದ ಬಾಡಿಗೆ 1,500 ಇರುವ ಪಾರ್ಕಿನ ಮನೆಯನ್ನು 500 ಡಾಲರ್ ಶುಲ್ಕದ ಕಾಂಡೊ ಜೊತೆ ಹೋಲಿಸುವಾಗ, ಆ ಸಾವಿರ ಡಾಲರಿನ ವ್ಯತ್ಯಾಸ ಶೇ. 6.5ರ 30 ವರ್ಷದ ಸಾಲದಲ್ಲಿ ಸುಮಾರು 1,58,000 ಡಾಲರಿನ ಹೆಚ್ಚುವರಿ ಸಾಲವನ್ನು ತೀರಿಸಬಲ್ಲದು ಎಂಬುದನ್ನು ಗಮನಿಸಿ.

ಹಳೆಯ ಮನೆಯನ್ನು ನೋಡುವಾಗ

ಹೊರಗೋಡೆಯ ಮೇಲೆ ಪ್ರತಿ ಭಾಗಕ್ಕೂ ಒಂದೊಂದು ಕೆಂಪು ಲೋಹದ ಫಲಕ ಇರಬೇಕು. ಡಬಲ್ ವೈಡ್ ಆದರೆ ಎರಡು. ಒಳಗೆ ಅಡುಗೆಮನೆಯ ಕಪಾಟಿನಲ್ಲೋ ವಿದ್ಯುತ್ ಪೆಟ್ಟಿಗೆಯ ಬಳಿಯೋ ಬಟ್ಟೆಬೀರುವಿನಲ್ಲೋ ಒಂದು ಕಾಗದದ ಮಾಹಿತಿ ಪಟ್ಟಿ ಅಂಟಿಸಿರುತ್ತಾರೆ. ತಯಾರಾದ ದಿನಾಂಕ, ಗಾಳಿ ವಲಯ, ಚಾವಣಿ ತಾಳುವ ಹಿಮದ ಭಾರ ಎಲ್ಲ ಅದರಲ್ಲಿವೆ. ಫಲಕ ಕಳೆದುಹೋಗಿದ್ದರೆ ಹಡ್ ಹೊಸದನ್ನು ಕೊಡುವುದಿಲ್ಲ, ದೃಢೀಕರಣ ಪತ್ರ ಮಾತ್ರ ಸಿಗುತ್ತದೆ. ಅದನ್ನು ಮಾರುವವರೇ ತರಿಸಿಕೊಡಲಿ.

ಅನಂತರ ಮನೆಯ ಕೆಳಗೆ ಯಾರನ್ನಾದರೂ ಇಳಿಸಿ. ಕಾರ್ಖಾನೆ ಮನೆ ಬಲ್ಲ ಪರಿಶೀಲಕರೇ ಆಗಬೇಕು. ಕಂಬಗಳು ಕುಸಿದಿವೆಯೇ, ನೀರು ನಿಂತ ಗುರುತಿದೆಯೇ, ಅಡಿಯ ಹೊದಿಕೆ ಹರಿದಿದೆಯೇ ಎಂದು ಅವರು ಹೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಭೂಕಂಪ ತಾಳುವ ಆಧಾರ ಹಾಕಿಸಿದ್ದಾರೆಯೇ ಎಂಬುದನ್ನು ಬಿಡದೆ ಕೇಳಿ. 1994ರ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಸಾವಿರಾರು ಮೊಬೈಲ್ ಹೋಮ್‌ಗಳು ಆಧಾರದಿಂದ ಜಾರಿ ಬಿದ್ದವು. ಶೌಚಾಲಯ, ಸಿಂಕ್‌ಗಳ ಸುತ್ತ ಕಾಲಿಟ್ಟಾಗ ನೆಲ ಮೆತ್ತಗೆ ತಗ್ಗಿದರೆ ಒಳಗಿನ ಹಲಗೆ ನೀರು ಕುಡಿದು ಉಬ್ಬಿದೆ ಎಂದರ್ಥ. 1978ರಿಂದ 1995ರವರೆಗಿನ ಮನೆಗಳಲ್ಲಿ ಬೂದುಬಣ್ಣದ ಪಾಲಿಬ್ಯೂಟಿಲೀನ್ ಕೊಳವೆಗಳಿದ್ದರೆ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಒಲೆಯ ಮೇಲಿನ ಫ್ಯಾನ್ ಒಗ್ಗರಣೆಯ ಹೊಗೆಯನ್ನು ಹೊರಕ್ಕೆ ತಳ್ಳುತ್ತದೆಯೋ ಮನೆಯೊಳಗೇ ಸುತ್ತಿಸುತ್ತದೆಯೋ ಎಂಬುದನ್ನೂ ನೋಡಿ. ಹಿಂದಿನವರು ಸೇರಿಸಿದ ಕೋಣೆ, ವರಾಂಡಗಳಿಗೆ ಪರವಾನಗಿ ಪತ್ರ ಕೇಳಿ.

ಹೊಸ ಮನೆಯಾದರೆ ಕೂರಿಸಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ದೋಷವನ್ನು ಒಂದು ವರ್ಷದೊಳಗೆ ಲಿಖಿತವಾಗಿ ತಿಳಿಸಿದರೆ, ತಯಾರಕರೂ ಕೂರಿಸಿದವರೂ ಒಬ್ಬರ ಮೇಲೊಬ್ಬರು ಹೇಳತೊಡಗಿದಾಗ, ವಿವಾದ ಬಗೆಹರಿಸುವ ಸರ್ಕಾರಿ ವ್ಯವಸ್ಥೆಯ ನೆರವು ಪಡೆಯಬಹುದು.

ಯಾರಿಗೆ ಯಾವುದು

ಹಸಿರು ಕಾರ್ಡ್ ಕೈಯಲ್ಲಿದ್ದು, ಟೆಕ್ಸಾಸ್‌ನಂಥ ರಾಜ್ಯದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ನೆಲೆಸುವ ಮನಸ್ಸಿರುವವರಿಗೆ ಸ್ವಂತ ನೆಲದ ಡಬಲ್ ವೈಡ್ ಅನ್ನೇ ನಾನು ಸೂಚಿಸುತ್ತೇನೆ. ಮುಂದೆ ಆ ಮನೆ ತೆಗೆದು ಬೇರೆ ಕಟ್ಟಿದರೂ ನೆಲ ನಿಮ್ಮದೇ. ಬೇ ಏರಿಯಾದಲ್ಲಿ ಮಕ್ಕಳ ಶಾಲೆಗಾಗಿ ಏಳೆಂಟು ವರ್ಷ ಒಂದೇ ಕಡೆ ಇರಬೇಕಾದವರು, ಬಾಡಿಗೆ ನಿಯಂತ್ರಣವಿರುವ ಊರಿನಲ್ಲಿ, ಸಾಲವಿಲ್ಲದೆ ಅಥವಾ ಸಣ್ಣ ಸಾಲದಿಂದ ಕೊಳ್ಳಬಲ್ಲರಾದರೆ ಪಾರ್ಕಿನ ಮನೆಯೂ ಸರಿಯೇ. ಆ ಹಣವನ್ನು ಬಾಡಿಗೆ ಉಳಿಸುವ ಖರ್ಚೆಂದು ಬಗೆಯಿರಿ, ಬೆಳೆಯುವ ಆಸ್ತಿಯೆಂದು ಲೆಕ್ಕ ಹಾಕಬೇಡಿ. ಉಳಿತಾಯವನ್ನೆಲ್ಲ ಮುಂಗಡಕ್ಕೆ ಸುರಿದು ಉಳಿದದ್ದಕ್ಕೆ ಚಾಟೆಲ್ ಸಾಲ ಮಾಡಬೇಕಾದ ಸ್ಥಿತಿಯಿದ್ದರೆ, ಕಾಂಡೊಗೆ ಇನ್ನೆರಡು ವರ್ಷ ಕೂಡಿಡುವುದು ಮೇಲು.

ವೀಸಾ ಇನ್ನೂ ಕೆಲಸಕ್ಕೆ ಕಟ್ಟುಬಿದ್ದಿರುವವರು ಪಾರ್ಕಿನ ಮನೆಗೆ ಕೈಹಾಕುವ ಮುನ್ನ ಆ ಪಾರ್ಕಿನಲ್ಲಿ ಕಳೆದ ವರ್ಷ ಮಾರಾಟಕ್ಕಿಟ್ಟ ಮನೆಗಳು ಎಷ್ಟು ದಿನ ಖಾಲಿ ನಿಂತಿದ್ದವು ಎಂದು ವಿಚಾರಿಸಿ. ಕೆಲಸ ಹೋದರೆ ಹೊಸ ಕೆಲಸ ಹಿಡಿಯಲು ಅಥವಾ ದೇಶ ಬಿಡಲು ಸಾಮಾನ್ಯವಾಗಿ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಮನೆ ಮಾರಾಟವಾಗುವವರೆಗೂ ಜಾಗದ ಬಾಡಿಗೆ ಕಟ್ಟುತ್ತಲೇ ಇರಬೇಕು, ಮತ್ತು ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡಲು ಹಲವು ಪಾರ್ಕುಗಳು ಒಪ್ಪುವುದಿಲ್ಲ. ಪಾರ್ಕಿನ ನಿಯಮಪುಸ್ತಕದಲ್ಲಿ ಆ ಒಂದು ಕಲಂ ಹೇಗಿದೆ ಎಂದು ಓದಿದ ಮೇಲೆಯೇ ಮುಂಗಡದ ಚೆಕ್ ಬರೆಯಿರಿ.